ಮಲೆನಾಡಿನ ಮಳೆಗೆ ಕೋವಿ ತುಕ್ಕು ಹಿಡಿಯದ ಹಾಗೆ ಇಡುವುದು: ಮನೆಯ ಕೈಸಾಮಾನಿನಲ್ಲೇ ಪೂರ್ತಿ ಕೆಲಸ

2024ರ ಜೂನ್‌ನಲ್ಲಿ ನಮ್ಮ ಕೋವಿ ಮನೆಗೆ ವಾಪಸ್ ಬಂತು. ಲೋಕಸಭೆ ಚುನಾವಣೆ ಅಂತ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂದಿತ್ತು, ಶಿವಮೊಗ್ಗದಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ, ಅಷ್ಟೂ ದಿನ ಕೋವಿ ಡೆಪಾಸಿಟ್. ಕೊಡುವಾಗ ನಾನು ಬುದ್ಧಿವಂತ ಅಂದುಕೊಂಡು ನಳಿಗೆಗೆ ತೊಟ್ಟಿಕ್ಕುವಷ್ಟು ಕೊಬ್ಬರಿ ಎಣ್ಣೆ ಬಳಿದು, ಗೋಣಿಚೀಲದಲ್ಲಿ ಬಿಗಿಯಾಗಿ ಸುತ್ತಿ ಕೊಟ್ಟಿದ್ದೆ. ಬಿಚ್ಚಿದಾಗ ಗೋಣಿಯ ನೇಯ್ಗೆ ಎಳೆ ಎಳೆಯಾಗಿ ನಳಿಗೆ ಮೇಲೆ ಅಚ್ಚಾಗಿತ್ತು, ಕೆಂಪು ತುಕ್ಕಿನಲ್ಲಿ. ಬೇರೆ ಯಾರನ್ನೂ ಬಯ್ಯುವ ಹಾಗಿರಲಿಲ್ಲ. ಎಣ್ಣೆ ನನ್ನದು, ಗೋಣಿಯೂ ನನ್ನದು.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೋಟ ಇರುವ ಬಹಳ ಮನೆಗಳಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್ ಕೋವಿ ಇದೆ. ವರ್ಷಕ್ಕೆ ನಾಲ್ಕು ಈಡು ಹೊಡೆಯುವುದೂ ಕಷ್ಟ. ಈಡು ಹೊಡೆದು ಸವೆದ ಕೋವಿ ನಾನು ಇವತ್ತಿನವರೆಗೆ ನೋಡಿಲ್ಲ, ಮೂಲೆಯಲ್ಲಿ ನಿಂತು ನಿಂತು ಸತ್ತ ಕೋವಿ ಬೇಕಾದಷ್ಟು ನೋಡಿದ್ದೇನೆ. ಆಗುಂಬೆಯ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದೆ, ಚಪ್ಪಲಿಗೆ ಬೂಸ್ಟು ಬರುತ್ತದೆ. ಇನ್ನು ಕಬ್ಬಿಣದ ಗತಿ ಏನು ಹೇಳಿ.

ಮೊದಲು ಒಂದು ಪ್ರಶ್ನೆ ಮುಗಿಸಿಬಿಡೋಣ, ಕೋವಿ ಮಾತು ಬಂದಾಗೆಲ್ಲ ಯಾರಾದರೂ ಕೇಳೇ ಕೇಳುತ್ತಾರೆ: ಖಾಲಿ ತೋಟಾ (ಕಾರ್ಟ್ರಿಡ್ಜ್) ಇಟ್ಟುಕೊಂಡು ಮನೆಯಲ್ಲೇ ಮತ್ತೆ ತುಂಬಬಹುದಾ? ಅಮೆರಿಕದಲ್ಲಿ ಜನ ಹವ್ಯಾಸವಾಗಿ ಮಾಡುತ್ತಾರೆ, ಅಲ್ಲಿಯ ಕಾನೂನು ಬೇರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ತೋಟಾ ತಯಾರಿಸುವುದಕ್ಕೆ ಬೇರೆಯದೇ ಲೈಸೆನ್ಸ್ ಬೇಕು, ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಅದಕ್ಕೆ ಬರುವುದಿಲ್ಲ. 2019ರ ತಿದ್ದುಪಡಿ ಆದ ಮೇಲೆ ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿವರೆಗೂ ಹೋಗಬಹುದು. ಅದೇ 5ನೇ ಸೆಕ್ಷನ್‌ನಲ್ಲಿ ರಿಪೇರಿಯೂ ಸೇರಿದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಹಾಗಾಗಿ ಇಲ್ಲಿ ಹೇಳುವುದೆಲ್ಲ ತೊಳೆಯುವುದು, ಒರೆಸುವುದು, ಎಣ್ಣೆ ಹಚ್ಚುವುದು, ಸರಿಯಾಗಿ ಇಡುವುದು, ಅಷ್ಟೇ. ಸ್ಪ್ರಿಂಗ್ ಬದಲಿಸುವುದು, ಬಿರುಕಿಗೆ ಬೆಸುಗೆ ಹಾಕಿಸುವುದು, ಇದೆಲ್ಲ ಲೈಸೆನ್ಸ್ ಇರುವ ಕೋವಿ ಅಂಗಡಿಯವರ ಕೆಲಸ. ಊರಿನ ಕಮ್ಮಾರರಿಗೆ ಕೊಟ್ಟರೆ ನಿಮಗೂ ಕಷ್ಟ, ಅವರಿಗೂ ಕಷ್ಟ.

ಸಾಮಾನು ಏನು ಬೇಕು

12 ಬೋರಿನ ತೋಟಾ ಕೋವಿಗೆ ಮೂರು ತುಂಡು ಸೇರಿಸುವ ಒಂದು ಗಜ, ಅಂದರೆ ನಳಿಗೆಯೊಳಗೆ ತೂರಿಸುವ ಕೋಲು, ಹಿತ್ತಾಳೆಯದ್ದೋ ಮರದ್ದೋ. ಅದರ ತುದಿಗೆ ಸಿಕ್ಕಿಸುವ ಫಾಸ್ಫರ್ ಬ್ರಾಂಜ್ ಬ್ರಷ್ ಒಂದು, ಉಣ್ಣೆಯ ಮಾಪ್ ಒಂದು, ಬಟ್ಟೆ ಹಿಡಿಯುವ ತುದಿ ಒಂದು. ಕೋವಿ ಅಂಗಡಿಯಲ್ಲಿ ಇವು ಸೆಟ್ಟಾಗಿ ಸಿಗುತ್ತವೆ. ಅಡಿಕೆ ದಬ್ಬೆ ಕೆತ್ತಿ ಗಜ ಮಾಡಿಕೊಳ್ಳುವವರಿದ್ದಾರೆ, ನಾನೂ ಮಾಡಿದ್ದೆ. ಅದರ ಸಿಬಿರು ಒಳಗೆ ಮುರಿದುಕೊಂಡು, ಅದನ್ನು ತೆಗೆಯುವುದಕ್ಕೇ ಒಂದು ಮಧ್ಯಾಹ್ನ ಹೋಯಿತು. ಕಬ್ಬಿಣದ ಸರಳಂತೂ ಬೇಡವೇ ಬೇಡ, ಒಳಗೆ ಗೀರು ಬಿದ್ದರೆ ಆ ಗೀರಿನಲ್ಲೇ ತುಕ್ಕು ಮನೆ ಮಾಡುತ್ತದೆ.

ಬಟ್ಟೆಗೆ ಹಳೇ ಬನಿಯನ್ನು ಅಥವಾ ಹತ್ತಿ ಪಂಚೆ, ಮೂರು ಇಂಚು ಚೌಕ ಚೌಕವಾಗಿ ಕತ್ತರಿಸಿ ಒಂದು ಡಬ್ಬಿ ತುಂಬಾ. ಪಾಲಿಯೆಸ್ಟರ್ ಆಗುವುದಿಲ್ಲ, ನೀರನ್ನೂ ಕುಡಿಯಲ್ಲ, ಎಣ್ಣೆಯನ್ನೂ ಕುಡಿಯಲ್ಲ. ಮಸಿ ಕರಗಿಸಲು ಸೀಮೆಎಣ್ಣೆ, ಅದು ಸಿಗದಿದ್ದರೆ ಬಣ್ಣದ ಅಂಗಡಿಯ ಟರ್ಪೆಂಟೈನ್. ಹಚ್ಚಲು ಹೊಲಿಗೆ ಮಿಷನ್ ಎಣ್ಣೆ, ಸಣ್ಣ ಬಾಟಲಿ ಎರಡು ವರ್ಷ ಬರುತ್ತದೆ. ಇದರ ಜೊತೆ ಹಳೇ ಹಲ್ಲುಜ್ಜುವ ಬ್ರಷ್ ಒಂದು.

ಕೊಬ್ಬರಿ ಎಣ್ಣೆ ಬಗ್ಗೆ ಹೇಳಲೇಬೇಕು, ಯಾಕೆಂದರೆ ಅಪ್ಪಯ್ಯನ ಕಾಲದಿಂದ ಎಲ್ಲರೂ ಅದನ್ನೇ ಹಚ್ಚಿದ್ದು. ಅದು 24 ಡಿಗ್ರಿ ಹತ್ತಿರ ಬಂದರೆ ಹೆಪ್ಪುಗಟ್ಟುತ್ತದೆ, ನಮ್ಮ ಡಿಸೆಂಬರ್ ರಾತ್ರಿಗೆ ಅಷ್ಟು ಸಾಕು. ಕೋವಿಯ ಬೀಗದ (ಈಡು ಸಿಡಿಸುವ ಯಂತ್ರ) ಒಳಗೆ ಹೆಪ್ಪುಗಟ್ಟಿದರೆ ಕುದುರೆ, ಅಂದರೆ ಬಡಿಯುವ ಸುತ್ತಿಗೆ, ನಿಧಾನಕ್ಕೆ ಬೀಳುತ್ತದೆ, ಮದ್ದಿಗೆ ಕಿಡಿ ಕೊಡುವ ಕೇಪು ಸಿಡಿಯಲ್ಲ. ದಿನ ಕಳೆದ ಹಾಗೆ ಕನರುತ್ತದೆ, ಕನರಿದ ಎಣ್ಣೆಯಲ್ಲಿ ಹುಳಿ ಇರುತ್ತದೆ, ಆ ಹುಳಿ ಕಬ್ಬಿಣವನ್ನೇ ತಿನ್ನುತ್ತದೆ. ತಲೆಗೆ ಹಚ್ಚಿಕೊಳ್ಳಿ, ಕೋವಿಗೆ ಬೇಡ. ಇನ್ನು ಡಬ್ಲ್ಯೂಡಿ-40 ಸ್ಪ್ರೇ: ಆ ಹೆಸರಿನ ಅರ್ಥವೇ ನೀರು ಓಡಿಸುವುದು, ಆ ಕೆಲಸಕ್ಕೆ ಚೆನ್ನಾಗಿದೆ. ಆದರೆ ಅದರ ಪೊರೆ ಬೇಗ ಆರುತ್ತದೆ. ನೆನೆದ ಕೋವಿಗೆ ಮೊದಲು ಅದು ಹೊಡೆದು, ಒರೆಸಿ, ಮೇಲೆ ಎಣ್ಣೆ ಹಚ್ಚಬೇಕು. ಅದೊಂದನ್ನೇ ನಂಬಿ ಆಷಾಢ ದಾಟಿಸುತ್ತೇನೆ ಅಂದರೆ ಆಗುವುದಿಲ್ಲ.

ಖಾಲಿ ಇದೆಯಾ ನೋಡುವುದು

ತೋಟಾಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬನ್ನಿ. ಜಗಲಿಯಲ್ಲಿ ಮಕ್ಕಳು ಇರುವಾಗ ಈ ಕೆಲಸ ಹಿಡಿಯಬೇಡಿ. ಕೋವಿಯ ಬಾಯಿ ಮನುಷ್ಯರಿಲ್ಲದ ಕಡೆಗೆ ಇರಲಿ, ಕೋವಿ ಮಡಚಿ, ಅಂದರೆ ನಳಿಗೆ ಬಗ್ಗಿಸಿ ತೋಟಾ ಹಾಕುವ ಜಾಗ ತೆರೆದು, ಕಣ್ಣಿನಲ್ಲಿ ನೋಡಿ, ಆಮೇಲೆ ಬೆರಳು ಹಾಕಿ ಮುಟ್ಟಿ ನೋಡಿ. ಜೋಡಿ ನಳಿಗೆಯಾದರೆ ಎರಡೂ. ಕಣ್ಣು ಮೋಸ ಹೋಗುತ್ತದೆ, ಬೆರಳು ಹೋಗಲ್ಲ.

ಕೇಪಿನ ಕೋವಿ, ಅಂದರೆ ಬಾಯಿಯಿಂದ ಕರಿಮದ್ದು ತುಂಬುವ ಹಳೇ ಕೋವಿ, ಅದರ ಕಥೆ ಬೇರೆ. ಮಡಚಲು ಬರುವುದಿಲ್ಲ, ಒಳಗೆ ಏನಿದೆ ಅಂತ ಕಾಣುವುದಿಲ್ಲ. ಅಜ್ಜನ ಕಾಲದ ಕೋವಿಯಲ್ಲಿ ಹದಿನೈದು ವರ್ಷದ ಹಿಂದೆ ತುಂಬಿದ ಈಡು ಹಾಗೇ ಕೂತಿರಬಹುದು. ಅದಕ್ಕೊಂದು ಲೆಕ್ಕ ಇದೆ. ಮೊದಲು ಕೇಪು ಇದ್ದರೆ ತೆಗೆಯಿರಿ. ಕೋವಿಯ ಬಾಯಿಗೆ ಎದುರಾಗಿ ನಿಲ್ಲದೆ ಪಕ್ಕದಲ್ಲಿ ನಿಂತು, ಮರದ ಗಜವನ್ನು ನಿಧಾನಕ್ಕೆ ತಳ ಮುಟ್ಟುವವರೆಗೆ ಬಿಡಿ, ಕುಟ್ಟಬೇಡಿ. ನಳಿಗೆ ಬಾಯಿ ಬರುವ ಜಾಗಕ್ಕೆ ಗಜದ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಹೊರಗೆ ತೆಗೆದು ಅದೇ ಗಜವನ್ನು ನಳಿಗೆಯ ಹೊರಗೆ ಒತ್ತಿಟ್ಟು, ಗುರುತನ್ನು ಬಾಯಿಗೆ ಸರಿಯಾಗಿ ಹಿಡಿಯಿರಿ. ಗಜದ ಇನ್ನೊಂದು ತುದಿ ಕೇಪು ಕೂರುವ ಮೊಳೆಯ ಹತ್ತಿರ ಬಂದರೆ ಖಾಲಿ. ಮೂರು ನಾಲ್ಕು ಬೆರಳು ಹಿಂದೆಯೇ ನಿಂತರೆ ಒಳಗೆ ಏನೋ ಇದೆ. ಈಡು ಇರಬಹುದು, ಕುಂಬಾರ ಹುಳದ ಗೂಡೂ ಇರಬಹುದು. ಯಾವುದಾದರೂ ಸರಿ, ಅಗೆದು ತೆಗೆಯುವ ಸಾಹಸ ಬೇಡ. ಕೇಪಿಲ್ಲದೆ ಹಾಗೇ ಲೈಸೆನ್ಸ್ ಇರುವ ಅಂಗಡಿಗೆ ಒಯ್ಯಿರಿ, ಒಳಗೆ ಏನೋ ಇದೆ ಅಂತ ಮೊದಲೇ ಹೇಳಿ.

ತೋಟಾ ಕೋವಿ ತೊಳೆಯುವುದು

ಮುಂದಿನ ಕೈಮರ ಬಿಚ್ಚಿ, ಕೋವಿ ಮಡಚಿ, ನಳಿಗೆ ಎತ್ತಿದರೆ ಮೂರು ಭಾಗವಾಗುತ್ತದೆ. ಇದಕ್ಕಿಂತ ಹೆಚ್ಚು ಬಿಚ್ಚಬೇಡಿ. ಬೀಗದ ಸ್ಕ್ರೂಗೆ ಕೈ ಹಾಕುವ ಚಪಲ ಎಲ್ಲರಿಗೂ ಬರುತ್ತದೆ. ಸರಿಯಾದ ಸ್ಕ್ರೂಡ್ರೈವರ್ ಇಲ್ಲದೆ ಅದರ ತಲೆ ಹಾಳು ಮಾಡಿದ ಮೇಲೆ, ಒಳಗಿನ ಸ್ಪ್ರಿಂಗ್ ಹಾರಿ ಅಟ್ಟ ಸೇರಿದ ಮೇಲೆ, ಚಪಲ ತಾನೇ ಹೋಗುತ್ತದೆ.

ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಕನ್ನಡಿ ಹಾಗಿದ್ದರೆ ಸಂತೋಷ. ಬೂದಿ ಬಣ್ಣದ ಗೆರೆ ಕಂಡರೆ ಅದು ಸೀಸ ಅಥವಾ ತೋಟಾದ ಪ್ಲಾಸ್ಟಿಕ್ಕು, ಹೋಗುತ್ತದೆ. ಕೆಂಪು ಚುಕ್ಕಿ ಮೇಲುಮೇಲಿನ ತುಕ್ಕು, ಅದೂ ಹೋಗುತ್ತದೆ. ಉಜ್ಜಿದ ಮೇಲೂ ಕಪ್ಪು ಗುಳಿ ಉಳಿದರೆ ಅದು ತಿಂದು ಹೋದ ಕಬ್ಬಿಣ, ವಾಪಸ್ ಬರುವುದಿಲ್ಲ. ಮಧ್ಯದಲ್ಲಿ ಎಲ್ಲಾದರೂ ಉಂಗುರದ ಹಾಗೆ ನೆರಳು ಸುತ್ತು ಹಾಕಿದ್ದರೆ ಅಲ್ಲಿ ನಳಿಗೆ ಉಬ್ಬಿದೆ ಎಂದರ್ಥ. ಆ ಕೋವಿಯಲ್ಲಿ ಮತ್ತೆ ಈಡು ಹೊಡೆಯಬೇಡಿ, ತೋರಿಸದೆ ಒಂದೂ ಹೊಡೆಯಬೇಡಿ.

ಬ್ರಷ್ಷಿಗೆ ಸೀಮೆಎಣ್ಣೆ ಮಾಡಿಕೊಂಡು ತೋಟಾ ಹಾಕುವ ಕಡೆಯಿಂದ ಒಳಗೆ ಬಿಡಿ. ಬ್ರಷ್ ಆ ಕಡೆ ಪೂರ್ತಿ ಹೊರಗೆ ಬಂದ ಮೇಲೇ ವಾಪಸ್ ಎಳೆಯಬೇಕು, ಮಧ್ಯದಲ್ಲೇ ಹಿಂದಕ್ಕೆ ಎಳೆದರೆ ತಂತಿ ಬಗ್ಗಿ ಬ್ರಷ್ ಒಳಗೇ ಸಿಕ್ಕಿಕೊಳ್ಳುತ್ತದೆ. ಹತ್ತು ಸಲ ಹೀಗೆ. ನಳಿಗೆಯನ್ನು ಹತ್ತು ನಿಮಿಷ ಓರೆಯಾಗಿ ಒರಗಿಸಿ ಬಿಟ್ಟು, ಚಹಾ ಕುಡಿದು ಬನ್ನಿ. ಆಮೇಲೆ ಒಣ ಬಟ್ಟೆ. ಮೊದಲನೇ ಬಟ್ಟೆ ಕಪ್ಪು, ಎರಡನೆಯದು ಕಂದು, ಐದಾರನೆಯದು ಬರುವಾಗ ಬಿಳಿ. ಬಿಳಿ ಬರುವವರೆಗೆ ಬಿಡಬೇಡಿ. ತೋಟಾ ಕೂರುವ ಜಾಗ, ಅದರಿಂದ ಮುಂದೆ ನಳಿಗೆ ಸಣ್ಣದಾಗುವ ತಿರುವು, ಅಲ್ಲೇ ಕಸ ಜಾಸ್ತಿ ಕೂರುತ್ತದೆ, ಅಲ್ಲಿ ಬ್ರಷ್ಷನ್ನು ತಿರುಗಿಸಿ ತಿರುಗಿಸಿ ಉಜ್ಜಿ. ಖಾಲಿ ತೋಟಾ ಹೊರಗೆ ತಳ್ಳುವ ತುಂಡಿನ ಸಂದಿಯನ್ನು ಹಲ್ಲಿನ ಬ್ರಷ್‌ನಲ್ಲಿ ತಿಕ್ಕಿ.

ಹೊರಗಿನ ತುಕ್ಕಿಗೆ ಸ್ಯಾಂಡ್‌ಪೇಪರ್ ಹಿಡಿಯಬೇಡಿ. ನಳಿಗೆಯ ಆ ನೀಲಿ ಕಪ್ಪು ಬಣ್ಣ ಪೇಂಟ್ ಅಲ್ಲ, ಅದೂ ಒಂದು ಥರದ ಹಿಡಿತದಲ್ಲಿಟ್ಟ ತುಕ್ಕೇ, ಕೆಂಪು ತುಕ್ಕನ್ನು ಅದು ತಡೆಯುತ್ತದೆ. ಉಜ್ಜಿ ತೆಗೆದರೆ ಆ ಜಾಗ ಮುಂದಿನ ಮಳೆಗೆ ಮೊದಲು ಹೋಗುತ್ತದೆ. ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಅತಿ ನುಣುಪಿನ ಉಕ್ಕಿನ ನಾರನ್ನು (ಸ್ಟೀಲ್ ವೂಲ್), ನಾಲ್ಕು ಸೊನ್ನೆಯದು ಅಂತ ಕೇಳಿ, ಎಣ್ಣೆಯಲ್ಲಿ ಅದ್ದಿ ಹಗುರಾಗಿ ಉಜ್ಜಿ. ನನ್ನ ಗೋಣಿ ಅಚ್ಚು ಹೋಗಲು ಮೂರು ಸಂಜೆ ಬೇಕಾಯಿತು, ಒಂದೆರಡು ಎಳೆ ಈಗಲೂ ಇದೆ.

ಕೊನೆಗೆ ಎಣ್ಣೆ. ಇಲ್ಲೇ ಎಲ್ಲರೂ ತಪ್ಪುವುದು. ಮಾಪಿಗೆ ನಾಲ್ಕೈದು ತೊಟ್ಟು ಸಾಕು, ಒಳಗೆ ಒಂದು ಸಲ ಆಡಿಸಿ. ಹೊರಗೆ ಎಣ್ಣೆ ಬಟ್ಟೆಯಲ್ಲಿ ಒರೆಸಿ, ಬೆರಳು ಇಟ್ಟರೆ ಗುರುತು ಬೀಳಬೇಕು, ಬೆರಳು ಒದ್ದೆ ಆಗಬಾರದು. ಜಾಸ್ತಿ ಹಾಕಿದರೆ ಇಳಿದು ಇಳಿದು ಮರಕ್ಕೆ ಸೇರುತ್ತದೆ, ಮರ ಮೆತ್ತಗಾಗಿ ಕಪ್ಪಾಗುತ್ತದೆ, ಧೂಳು ಹಿಡಿದು ಅಂಟಾಗುತ್ತದೆ. ಅದಕ್ಕೇ ಎಣ್ಣೆ ಹಚ್ಚಿದ ಮೊದಲ ರಾತ್ರಿ ನಳಿಗೆ ಬಾಯಿ ಕೆಳಗೆ ಮಾಡಿ ಹಳೇ ಪೇಪರಿನ ಮೇಲೆ ನಿಲ್ಲಿಸುವುದು ಒಳ್ಳೆಯದು. ಮರದ ಭಾಗಕ್ಕೆ ವರ್ಷಕ್ಕೊಮ್ಮೆ ಕಾಯಿಸಿದ ಅಗಸೆ ಎಣ್ಣೆ, ಅಂಗೈಯಲ್ಲೇ ತಿಕ್ಕಿ. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ತಾನಾಗೇ ಬಿಸಿಯಾಗಿ ಬೆಂಕಿ ಹತ್ತಬಹುದು. ಅಂಗಳದಲ್ಲಿ ಹರವಿ ಒಣಗಿಸಿ ಆಮೇಲೆ ಬಿಸಾಡಿ.

ಕೇಪಿನ ಕೋವಿಗೆ ಹಂಡೆ ನೀರು

ಕರಿಮದ್ದಿನ ಕಸ ಎಣ್ಣೆಗೆ ಹೋಗುವುದಿಲ್ಲ. ಸುಟ್ಟ ಮೇಲೆ ಅದು ಬಿಡುವುದು ಉಪ್ಪಿನ ಜಾತಿಯ ಕಸ, ಗಾಳಿಯ ತೇವ ಎಳೆದುಕೊಳ್ಳುತ್ತದೆ. ಅದರ ಮೇಲೆ ಎಣ್ಣೆ ಹಚ್ಚುವುದೆಂದರೆ ಉಪ್ಪಿನಕಾಯಿ ಭರಣಿಗೆ ಎಣ್ಣೆ ಬಿಟ್ಟ ಹಾಗೆ, ಒಳಗೆ ಕೆಲಸ ನಡೆದೇ ಇರುತ್ತದೆ. ಅದಕ್ಕೆ ಬೇಕಾದ್ದು ಬಿಸಿನೀರು. ಕೋವಿಗೆ ನೀರು ಹಾಕುವುದಾ ಅಂತ ಅಪ್ಪಯ್ಯ ಹೌಹಾರಿದ್ದರು. ಈಡು ಹೊಡೆದ ದಿನವೇ ತೊಳೆಯಬೇಕು, ನಾಳೆಗೆ ಅಂದರೆ ಮಳೆಗಾಲದಲ್ಲಿ ಬೆಳಿಗ್ಗೆಗೇ ಕೆಂಪಾಗಿರುತ್ತದೆ.

ನಳಿಗೆ ಮರದಿಂದ ಬಿಚ್ಚಲು ಬರುವ ಹಾಗಿದ್ದರೆ ಬಿಚ್ಚಿ, ಕೇಪಿನ ಮೊಳೆಯನ್ನು ಅದರ ಕೀಲಿಯಿಂದಲೇ ತೆಗೆಯಿರಿ. ಬಚ್ಚಲ ಹಂಡೆಯಿಂದ ಒಂದು ಬಕೆಟ್ ಕುದಿಯುವ ನೀರು, ಚೂರು ಸೋಪು. ನಳಿಗೆಯ ತಳದ ತುದಿಯನ್ನು ಬಕೆಟ್ಟಿಗೆ ಇಳಿಸಿ, ಮೇಲಿನಿಂದ ಬಿಗಿಯಾದ ಬಟ್ಟೆ ಕಟ್ಟಿದ ಗಜ ಬಿಟ್ಟು ಮೇಲೆ ಕೆಳಗೆ ಎಳೆಯಿರಿ. ಸೈಕಲ್ ಪಂಪಿನ ಹಾಗೆ ನೀರನ್ನು ಎಳೆದು ಬಿಡುತ್ತದೆ, ಬಕೆಟ್ ನೋಡ ನೋಡುತ್ತ ಕಪ್ಪಾಗುತ್ತದೆ, ಕೊಳೆತ ಮೊಟ್ಟೆ ವಾಸನೆ ಬರುತ್ತದೆ, ಅದು ಗಂಧಕ. ನಳಿಗೆ ಕೈ ಸುಡುತ್ತದೆ, ದಪ್ಪ ಬಟ್ಟೆ ಹಿಡಿದುಕೊಳ್ಳಿ. ಎರಡನೇ ಸಲ ಸೋಪಿಲ್ಲದ ಬಿಸಿನೀರು. ಕಬ್ಬಿಣ ಬಿಸಿಯಾಗಿರುವುದರಿಂದ ಹೊರಗೆ ತೆಗೆದ ಕೂಡಲೇ ಅರ್ಧ ತಾನೇ ಒಣಗುತ್ತದೆ, ಉಳಿದದ್ದಕ್ಕೆ ಒಣ ಬಟ್ಟೆ, ಬಿಸಿ ಇರುವಾಗಲೇ ಎಣ್ಣೆ. ನಳಿಗೆ ಬಿಚ್ಚಲು ಬರದಿದ್ದರೆ ಬಾಯಿಯಿಂದ ನೀರು ಹೊಯ್ದು ಮೊಳೆಯ ತೂತಿನಿಂದ ಬಿಡಿ, ಅಲ್ಲಿಗೊಂದು ರಬ್ಬರ್ ಟ್ಯೂಬು ಸಿಕ್ಕಿಸಿದರೆ ಮರ ನೆನೆಯುವುದಿಲ್ಲ. ಕುದುರೆ ಅರ್ಧಕ್ಕೆ ಎತ್ತಿದರೆ ನಿಲ್ಲುತ್ತದಾ ಅಂತ ಖಾಲಿ ಕೋವಿಯಲ್ಲೇ ನೋಡಿಬಿಡಿ. ಜಾರಿದರೆ ಅಂಗಡಿಗೆ.

ಎಲ್ಲಿ ಇಡುವುದು

ಚರ್ಮದ ಚೀಲ, ಗೋಣಿ, ಕಂಬಳಿ, ಯಾವುದೂ ಬೇಡ. ಎಲ್ಲವೂ ತೇವ ಹಿಡಿದಿಟ್ಟುಕೊಳ್ಳುತ್ತವೆ. ಗೋಡೆಗೆ ತಾಗಿಸಿಯೂ ಬೇಡ, ನಮ್ಮ ಮಣ್ಣಿನ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ. ಒಲೆ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಹಿಂದೆ ಅಲ್ಲೇ ಇಡುತ್ತಿದ್ದರು, ಆದರೆ ಹೊಗೆಯಲ್ಲಿ ಹುಳಿ ಇದೆ, ಹಬೆಯೂ ಇದೆ. ಇನ್ನು ಮೈಲುತುತ್ತದ (ತಾಮ್ರದ ಸಲ್ಫೇಟ್) ಕೋಣೆ! ಕೊಳೆ ಔಷಧಿ ಹೊಡೆಯುವ ಕಾಲದಲ್ಲಿ ಬೋರ್ಡೋ ಸಾಮಾನು, ಗೊಬ್ಬರದ ಚೀಲ, ಕೋವಿ ಮೂರೂ ಒಂದೇ ಕಡೆ ಇರುವ ಮನೆ ಎಷ್ಟು ಬೇಕು. ಮೈಲುತುತ್ತದ ನೀರು ಕಬ್ಬಿಣಕ್ಕೆ ತಾಗಿದರೆ ಏನಾಗುತ್ತದೆ ನೋಡಬೇಕಾದರೆ ಒಂದು ಹಳೇ ಮೊಳೆ ಅದ್ದಿ ತೆಗೆಯಿರಿ, ತಾಮ್ರದ ಬಣ್ಣ ಬಂದಿರುತ್ತದೆ, ಅಷ್ಟು ಕಬ್ಬಿಣ ಕರಗಿ ಹೋಗಿರುತ್ತದೆ. ಆ ಕೈಯಲ್ಲಿ ಕೋವಿ ಮುಟ್ಟಲೇಬೇಡಿ.

ಬೀಗ ಹಾಕುವ ಮರದ ಬೀರು ಒಳ್ಳೆಯದು. ಅದರೊಳಗೆ ಹಳೇ ಕಾಲದ ಜೀರೋ ಬಲ್ಬ್ ಉರಿಸಿಟ್ಟರೆ ಇನ್ನೂ ಒಳ್ಳೆಯದು. ಹೆಸರಿಗೆ ಜೀರೋ, ನಿಜಕ್ಕೆ ಸುಮಾರು 15 ವ್ಯಾಟ್ ತಿನ್ನುತ್ತದೆ, ಆ ಬಿಸಿಯೇ ನಮಗೆ ಬೇಕಾದ್ದು. ಎಲ್‌ಇಡಿ ಹಾಕಿದರೆ ಬೆಳಕು ಬರುತ್ತದೆ, ಪ್ರಯೋಜನ ಇಲ್ಲ. ಮರಕ್ಕೂ ಬಟ್ಟೆಗೂ ಬಲ್ಬ್ ತಾಗದ ಹಾಗೆ ನೋಡಿಕೊಳ್ಳಿ. ಕರೆಂಟ್ ಇಲ್ಲದ ವಾರಗಳಿಗೆ ಸಿಲಿಕಾ ಜೆಲ್, ನೀಲಿ ಇರುವುದು ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ನೀಲಿ ಮಾಡಿಕೊಳ್ಳಬಹುದು, ಅಡುಗೆಯ ಬಾಣಲೆ ಬೇಡ. ನಳಿಗೆ ಬಾಯಿಗೆ ಬಿರಟೆ ಹಾಕಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಹಾಗಂತ ಹಾಗೇ ಬಿಟ್ಟರೆ ಕುಂಬಾರ ಹುಳ ಬಂದು ಮಣ್ಣಿನ ಗೂಡು ಕಟ್ಟುತ್ತದೆ, ಆ ಮಣ್ಣಿನ ಮೇಲೆ ಈಡು ಹೊಡೆದರೆ ನಳಿಗೆ ಸೀಳುತ್ತದೆ. ತೆಳು ಹತ್ತಿ ಬಟ್ಟೆ ಒಂದು ಸುತ್ತು ಕಟ್ಟಿ, ಕೆಂಪು ಬಣ್ಣದ್ದಾದರೆ ತೆಗೆಯಲು ಮರೆಯುವುದಿಲ್ಲ.

ತೋಟಾಗಳನ್ನು ಬಲ್ಬಿನ ಬೀರುವಿನಲ್ಲಿ ಇಡಬೇಡಿ. ಬೇರೆ ಬೀಗ, ಬೇರೆ ಜಾಗ, ರಬ್ಬರ್ ಅಂಚಿನ ಮುಚ್ಚಳದ ಡಬ್ಬಿ. ತೋಟಾಕ್ಕೆ ಎಣ್ಣೆ ಹಚ್ಚಬಾರದು, ಎಣ್ಣೆ ಸಂದಿಯಲ್ಲಿ ಇಳಿದು ಕೇಪನ್ನು ಕೊಲ್ಲುತ್ತದೆ. ಒದ್ದೆಯಾಯಿತು ಅಂತ ಬಿಸಿಲಿಗೋ ಅಡಿಕೆ ಒಲೆಗೋ ಇಡಬಾರದು. ಹಿತ್ತಾಳೆಗೆ ಹಸಿರು ಕಿಲುಬು ಬಂದದ್ದು, ಉಬ್ಬಿ ಸಲೀಸಾಗಿ ಕೂರದ್ದು, ಎರಡನ್ನೂ ಬೇರೆ ಇಟ್ಟು ಅಂಗಡಿಯವರಿಗೆ ಲೆಕ್ಕದಲ್ಲಿ ವಾಪಸ್ ಕೊಡಿ. ಒತ್ತಿ ಕೂರಿಸಬೇಡಿ.

ನಳಿಗೆಯ ಮೇಲೆ ಬರೆದಿರುವ ಅಳತೆ ಒಮ್ಮೆ ಓದಿ. 65 ಮಿಲಿಮೀಟರಿನ ಕೋವಿಗೆ 70ರ ತೋಟಾ ಹಾಕಿದರೆ ಸಲೀಸಾಗಿ ಕೂರುತ್ತದೆ, ಅದೇ ಮೋಸ. ಆ 70 ಅನ್ನುವುದು ಸಿಡಿದು ಬಾಯಿ ಬಿಚ್ಚಿದ ಮೇಲಿನ ಉದ್ದ, ಬಿಚ್ಚಲು ಜಾಗ ಇಲ್ಲದಿದ್ದರೆ ಒತ್ತಡ ಏರುತ್ತದೆ. ಮನೆಯಲ್ಲಿ 20 ಬೋರಿನ ತೋಟಾ ಕೂಡ ಇದ್ದರೆ ಒಂದೇ ಡಬ್ಬಿಯಲ್ಲಿ ಇಡಬೇಡಿ. ಅದು 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಖಾಲಿ ಅಂತ ಕಾಣುತ್ತದೆ, ಹಿಂದಿನಿಂದ 12ರದ್ದು ಹಾಕಿ ಹೊಡೆದರೆ ಕೈ ಹೋಗುತ್ತದೆ.

ಈಡು ಹಾರದಿದ್ದರೆ ಬಾಯಿ ಅದೇ ಕಡೆ ಹಿಡಿದು ಅರ್ಧ ನಿಮಿಷ ಕಾಯಿರಿ, ತಡವಾಗಿ ಸಿಡಿಯಬಹುದು, ಆಮೇಲೆ ಮಡಚಿ. ಸದ್ದು ಪುಸ್ ಅಂತ ಸಣ್ಣಗೆ ಬಂದರೆ ಇನ್ನೂ ಕೆಟ್ಟದ್ದು, ಒಳಗೆ ವಾಡ್, ಅಂದರೆ ತೋಟಾದಲ್ಲಿ ಮದ್ದಿಗೂ ಗುಂಡಿಗೂ ನಡುವೆ ಇರುವ ಬಿಲ್ಲೆ, ಸಿಕ್ಕಿರಬಹುದು. ಖಾಲಿ ಮಾಡಿ, ನಳಿಗೆ ಬಿಚ್ಚಿ, ಆರಪಾರ ಬೆಳಕು ಕಂಡ ಮೇಲೇ ಮುಂದಿನದು.

ವರ್ಷದ ಲೆಕ್ಕ ನನ್ನದು ಹೀಗೆ: ಮೇ ಕೊನೆಗೆ ಪೂರ್ತಿ ತೊಳೆಯುವುದು, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ಒರೆಸುವುದು, ಆಯುಧ ಪೂಜೆ ದಿನ ಇನ್ನೊಂದು ಸಲ. ಪೂಜೆ ಆದ ಮೇಲೆ ಜನ ಕೋವಿಯನ್ನು ಹೂವು ಕುಂಕುಮದ ಸಮೇತ ಹಾಗೇ ಬಿಡುತ್ತಾರೆ. ನಮ್ಮ ಕೋವಿಯ ಮೇಲೆ ಒಂದು ವರ್ಷದ ಮೂರು ಬೆರಳಿನ ಗಂಧದ ಗೆರೆ ಈಗಲೂ ಕಾಣುತ್ತದೆ, ಒದ್ದೆ ಗಂಧ ಎರಡು ದಿನ ಇದ್ದದ್ದು ಅಷ್ಟೇ. ಈಗ ಅಮ್ಮ ಕೋವಿಗೆ ಗಂಧ ಇಡುವುದಿಲ್ಲ, ಒಂದು ತುಳಸಿ ದಳ ಇಡುತ್ತಾರೆ, ಸಂಜೆಗೆ ತೆಗೆಯುತ್ತಾರೆ.